ಹತ್ತಿ ಗೋದಾಮಿನ ನೆರಳು

ಹತ್ತಿ ಗೋದಾಮಿನ ನೆರಳು ಹೋಯಿತು ಅಂತ ಮೊದಲು ಬಂದು ಹೇಳಿದವಳು ಹೂವಿನ ಹನುಮಕ್ಕ. ನಾನಿನ್ನೂ ನನ್ನ ಬಳೆ ಅಂಗಡಿಯ ಬಾಗಿಲು ತೆಗೆದು ಕಸ ಹೊಡೆಯುತ್ತಿದ್ದೆ. "ಇಂದಕ್ಕಾ, ಬಂದು ನೋಡು, ನಮ್ಮ ತಲೆ ಮೇಲೆ ಬಿಸಿಲು ಹತ್ತಿ ಕೂತಿದೆ. ನಮ್ಮ ವಾರ್ಡಿನ ಮೆಂಬರ್ ಆಗಿ ನಿಂಗೆ ಗೊತ್ತೇ ಇಲ್ವಾ?" ಅಂದಳು. ಪೊರಕೆ ಅಲ್ಲೇ ಬಿಟ್ಟು ಅವಳ ಹಿಂದೆ ಹೋದೆ.

ಗೋದಾಮು ಎಂದಿನ ಹಾಗೆ ನಿಂತಿತ್ತು. ಮೂರು ಅಂತಸ್ತು, ಮಾಸಿದ ಸುಣ್ಣ, ಕಬ್ಬಿಣದ ಸರಳಿನ ಕಿಟಕಿಗಳು. ಅದರ ಉತ್ತರದ ಗೋಡೆಯ ಬುಡದಲ್ಲಿ ನಮ್ಮೂರಿನ ಹೂವಿನವರು ಸಾಲಾಗಿ ಕೂರುತ್ತಾರೆ. ಅವರ ಅಮ್ಮಂದಿರೂ ಅಲ್ಲೇ ಕೂತಿದ್ದವರು. ದಿನವಿಡೀ ತಣ್ಣಗಿರುತ್ತಿದ್ದ ಆ ಜಾಗದಲ್ಲಿ ಅವತ್ತು ಗೋದಾಮೇ ಇಲ್ಲವೇನೋ ಎಂಬಂತೆ ಬಿಸಿಲು ಹರಡಿಕೊಂಡಿತ್ತು. ಮಲ್ಲಿಗೆ ಬುಟ್ಟಿಗಳ ಮೇಲೆ ಒದ್ದೆ ಗೋಣಿ ಹೊದಿಸಿ ಹೆಂಗಸರು ನನ್ನನ್ನೇ ನೋಡುತ್ತಿದ್ದರು.

ನಮ್ಮೂರಲ್ಲಿ ಇದು ಯಾರಿಗೂ ಹೊಸದಲ್ಲ. ಕಟ್ಟಲು ಅರ್ಜಿ ಹಾಕಿದರೆ, ಅರ್ಜಿ ಬಂದಿದೆ ಅಂತ ಪುರಸಭೆಯ ಮೊಹರು ಬಿದ್ದ ಮರುದಿನ ಬರಿ ಜಾಗದಲ್ಲಿ ಕಟ್ಟಡದ ನೆರಳು ಬಂದು ಬೀಳುತ್ತದೆ. ಕೆಡವಲು ಅರ್ಜಿ ಹಾಕಿದರೆ ನಿಂತ ಕಟ್ಟಡದ ನೆರಳು ಮೊದಲು ಹೋಗುತ್ತದೆ. ಪುರಸಭೆ ಬೇಡ ಅಂದರೆ ಎಲ್ಲ ಮೊದಲಿನಂತಾಗುತ್ತದೆ. ಹಾಗಾಗಿ ಪಕ್ಕದ ಮನೆಯ ಮೇಲೆ ಇನ್ನೊಂದು ಅಂತಸ್ತು ಏಳುತ್ತದೋ ಇಲ್ಲವೋ ಅಂತ ನಮಗೆ ಯಾರೂ ಬಂದು ಹೇಳಬೇಕಾಗಿಲ್ಲ, ಒಣಹಾಕಿದ ಬಟ್ಟೆ ಒಣಗದಿದ್ದರೆ ಗೊತ್ತಾಗುತ್ತದೆ. ನನ್ನ ಭಾವನೊಬ್ಬ ಇನ್ನೂ ಕಟ್ಟದ ಮಹಡಿಯ ನೆರಳಲ್ಲಿ ಮಂಚ ಹಾಕಿಕೊಂಡು ಬೇಸಿಗೆ ಪೂರ್ತಿ ಮಧ್ಯಾಹ್ನದ ನಿದ್ದೆ ಮಾಡಿದ. ಆ ಅರ್ಜಿ ಬಿದ್ದುಹೋದಾಗ, ಅರ್ಜಿ ಹಾಕಿದವನಿಗಿಂತ ಹೆಚ್ಚು ಸಂಕಟಪಟ್ಟವನು ಇವನೇ.

ಗೋದಾಮಿನ ಒಡತಿ ಜುಲೇಖಾಬಿ. ಐವತ್ತು ದಾಟಿದ ಹೆಂಗಸು, ಗಂಡ ಹೋದ ಮೇಲೆ ಗೋದಾಮಿನ ಕೆಳ ಅಂತಸ್ತಿನಲ್ಲಿ ಹಾಸಿಗೆ ದಿಂಬು ಹೊಲಿಸುವ ಕೆಲಸ ನಡೆಸುತ್ತಿದ್ದಳು. ಊರಿನ ಎಷ್ಟೋ ಮದುವೆಗಳ ಹಾಸಿಗೆ ಅವಳಲ್ಲೇ ಆದದ್ದು. ನಾನು ಅವತ್ತೇ ಅವಳನ್ನು ಹುಡುಕಿಕೊಂಡು ಹೋದೆ. ಗೋದಾಮಿನ ಮುಂದೆ ಬೀದಿಯಲ್ಲೇ ಗಾಡಿ ನಿಲ್ಲಿಸಿ ಹತ್ತಿ ಮೂಟೆ ಹೇರಿಸುತ್ತಿದ್ದಳು.

"ಜುಲೇಖಾಬಿ, ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಬೇಡ ಅಂತಿದ್ರಿ," ಅಂದಳು ಅವಳು. "ಒಳಗೆ ಬನ್ನಿ. ಬೇಡ, ಬಾಗಿಲಲ್ಲೇ ನಿಂತು ನೋಡಿ."

ನೋಡಿದೆ. ಉತ್ತರದ ಗೋಡೆ ಒಳಗಿನಿಂದ ನೋಡಿದರೆ ಹೊರಕ್ಕೆ ಬಾಗಿದ ಹಾಗೆ ಕಾಣುತ್ತಿತ್ತು, ಉಂಡ ಹೊಟ್ಟೆಯಂತೆ. ನೆಲದ ಮೇಲೆ ಗೋಡೆಯುದ್ದಕ್ಕೂ ಸುಣ್ಣದ ಪುಡಿ. "ದಿನಾ ಗುಡಿಸ್ತೀನಿ, ದಿನಾ ಬೀಳತ್ತೆ. ಪಕ್ಕದ ಬಾಗಿಲು ಈಗ ಹಾಕೋಕೇ ಬರಲ್ಲ, ಚೌಕಟ್ಟು ಸೊಟ್ಟ ಆಗಿದೆ. ಹೊಲಿಯೋ ಹೆಂಗಸರನ್ನ ನನ್ನ ತಮ್ಮನ ಮನೆಗೆ ಕಳಿಸಿಬಿಟ್ಟೆ. ಆದ್ರೆ ಹೊರಗೆ ಕೂತಿರೋರನ್ನ ಎಲ್ಲಿಗೆ ಕಳಿಸ್ಲಿ ಇಂದಕ್ಕಾ? ಅವರು ಬೆನ್ನು ಕೊಟ್ಟು ಒರಗಿ ಕೂತ್ಕೋತಾರೆ. ನೋಡಿದಾಗೆಲ್ಲ ನನ್ನ ಜೀವ ಬಾಯಿಗೆ ಬರತ್ತೆ."

ಗೋಡೆಯ ಬುಡದಲ್ಲಿ ಅವಳು ಒಂದು ಹಗ್ಗ ಕಟ್ಟಿಸಿದ್ದಳಂತೆ, ಯಾರೂ ಹತ್ತಿರ ಬಾರದಿರಲಿ ಅಂತ. ಹೂವಿನ ಓಬಕ್ಕ ಅದನ್ನು ಬಿಚ್ಚಿ ತನ್ನ ಹಾರಗಳನ್ನು ನೇತುಹಾಕಲು ಇಟ್ಟುಕೊಂಡಿದ್ದಳು.

ಓಬಕ್ಕನ ವಿಷಯ ಹೇಳಬೇಕು. ಆ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು. ಕಿವಿ ಸ್ವಲ್ಪ ಮಂದ, ಬಾಯಿ ಮಾತ್ರ ಚುರುಕು. ಚುನಾವಣೆಯಲ್ಲಿ ನನ್ನ ಪರವಾಗಿ ಬಿಸಿಲಲ್ಲಿ ಮನೆ ಮನೆ ಅಲೆದವಳು. "ಬಳೆ ತೊಡಿಸೋವಾಗ ಕೈ ನೋಯಿಸದೇ ಇರೋಳು, ಇವಳಿಗೇ ಹಾಕಿ" ಅಂತ ಓಟು ಕೇಳಿದ್ದಳು. ನಾನು ಗೆದ್ದ ದಿನ ನನ್ನ ಕೊರಳಿಗೆ ಹಾರ ಹಾಕಿ, ಮೂಗು ಸೀನಿಕೊಂಡು ಅತ್ತಿದ್ದಳು. ಜುಲೇಖಾಬಿಯ ಅರ್ಜಿ ಸಭೆಗೆ ಬರುವ ಮೊದಲು ಹೂವಿನವರನ್ನೆಲ್ಲ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದಳು.

"ಕೈ ಎತ್ತೋವಾಗ ಬೇಡ ಅಂತ ಎತ್ತು. ಅಷ್ಟೇ. ಬೇರೆ ಏನೂ ಕೇಳಲ್ಲ ನಿನ್ನ."

"ಓಬಕ್ಕ, ಎರಡು ಕಡೆಯವರ ಮಾತು ಕೇಳದೆ ಮೊದಲೇ ಮಾತು ಕೊಡೋಕೆ ಬರಲ್ಲ. ಹಾಗೆ ಮಾತು ಕೊಟ್ಟವರು ಸಭೆಯಲ್ಲಿ ಕೂರೋ ಹಾಗೇ ಇಲ್ಲ, ಎದ್ದು ಹೊರಗೆ ಹೋಗಬೇಕು. ಅದು ನಿಯಮ."

"ಯಾವನು ಮಾಡಿದ್ದು ಆ ನಿಯಮ? ಬಿಸಿಲಲ್ಲಿ ಕೂತು ಮಾಡಿದ್ನಾ, ನೆರಳಲ್ಲಿ ಕೂತು ಮಾಡಿದ್ನಾ?" ಅಂದಳು ಓಬಕ್ಕ. ಹಿಂದೆ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಹೋಗುವಾಗ ಅವಳು ನಗಲಿಲ್ಲ.

ಸಭೆಗೆ ಮೊದಲು ಸದಸ್ಯರೆಲ್ಲ ಹೋಗಿ ಜಾಗ ನೋಡಬೇಕು. ನಡುಮಧ್ಯಾಹ್ನ ಹೋದೆವು. ಅಧ್ಯಕ್ಷ ರುದ್ರಮುನಿಯವರು ತಲೆಗೆ ಟವೆಲು ಸುತ್ತಿಕೊಂಡು ಗೋಡೆಯ ಬುಡದಲ್ಲಿ ಬಹಳ ಹೊತ್ತು ನಿಂತರು. ಕಣ್ಣೆದುರಿಗೇ ಹನುಮಕ್ಕನ ಕನಕಾಂಬರ ಬಾಡಿ ಮುದುರುತ್ತಿತ್ತು. ಶಾಮಿಯಾನ ಹಾಕಿಸೋಣ ಎಂದರೆ ಕಂಬ ನೆಡಲು ಜಾಗವಿಲ್ಲ, ಬೀದಿ ಅಷ್ಟು ಕಿರಿದು, ಗಾಡಿಗಳಿಗೆ ದಾರಿಯೇ ಉಳಿಯುವುದಿಲ್ಲ. ಪುರಸಭೆಯ ಎಂಜಿನಿಯರ್ ಶ್ರೀಪಾದ ಗೋಡೆಯನ್ನು ತಟ್ಟಿ, ಬಿರುಕುಗಳನ್ನು ಅಳೆದು, ಬರೆದುಕೊಂಡ. "ಬೀಳತ್ತಾ?" ಅಂತ ನಾನು ಕೇಳಿದೆ. "ಹೇಳೋಕಾಗಲ್ಲ ಮೇಡಂ. ಹಳೇ ಗೋಡೆಗಳು ಹೀಗೇ ಬಾಗಿಕೊಂಡು ಇನ್ನೊಂದು ತಲೆಮಾರು ನಿಲ್ಲಬಹುದು. ನಾಳೇನೇ ಬೀಳಬಹುದು. ಅಡಿಪಾಯ ಬಗೆದು ನೋಡಬೇಕು, ಅದಕ್ಕೆ ಜಿಲ್ಲೆಯಿಂದ ಬರಬೇಕು. ಬರೆದಿದ್ದೀನಿ, ಇನ್ನೂ ಯಾರೂ ಬಂದಿಲ್ಲ," ಅಂದ. ಸುಳ್ಳು ಹೇಳುವ ಹುಡುಗನಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ.

ನಾನು ಅಷ್ಟರಲ್ಲಿ ಒಂದು ಕೆಲಸ ಮಾಡಿದೆ. ಬೀದಿಯ ಆಚೆ ತುದಿಯಲ್ಲಿ ಪುರಸಭೆಯ ವಾಚನಾಲಯವಿದೆ, ಮುಂದೆ ಅಗಲವಾದ ಜಗಲಿ. ಪೇಪರ್ ಓದುವ ಹಿರಿಯರು ಗೊಣಗಿದರೂ ಬಿಡದೆ, ತೀರ್ಮಾನ ಆಗುವ ತನಕ ಹೂವಿನವರು ಅಲ್ಲಿ ಕೂರಬಹುದು ಎಂದು ಅಧ್ಯಕ್ಷರಿಂದ ಹೇಳಿಸಿದೆ. ಹೆಂಗಸರು ಬುಟ್ಟಿ ಎತ್ತಿಕೊಂಡು ಹೋದರು, ಬೈದುಕೊಂಡೇ ಹೋದರು. ಗಿರಾಕಿಗಳಿಗೆ ಆ ಜಾಗ ಒಗ್ಗಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಬರುವವರು ಗೋದಾಮಿನ ಹತ್ತಿರವೇ ಹುಡುಕಿ, ಜಗಲಿಯ ತನಕ ಬಾರದೆ ಹೋಗುತ್ತಿದ್ದರು. ಓಬಕ್ಕ ಮಾತ್ರ ಕದಲಲಿಲ್ಲ. ಗಂಡಸರು ಹಿಡಿಯುವ ದೊಡ್ಡ ಕಪ್ಪು ಕೊಡೆಯೊಂದನ್ನು ತಂದು, ಅದರ ಹಿಡಿಯನ್ನು ಗೋಡೆಯ ಸಂದಿಗೆ ಸಿಕ್ಕಿಸಿ, ಅದರ ಕೆಳಗೆ ಮೊದಲಿನಂತೆಯೇ ಒರಗಿ ಕೂತಳು. ಎಲ್ಲರ ಗಿರಾಕಿಯೂ ಅವಳಿಗೇ.

"ಎದ್ದು ಬಾ ಓಬಕ್ಕ, ಗೋಡೆ ಸರಿ ಇಲ್ಲ," ಅಂದೆ.

"ನಂದೂ ಸರಿ ಇಲ್ಲ," ಅಂತ ಸೊಂಟ ಮುಟ್ಟಿಕೊಂಡಳು. "ಇಬ್ರೂ ಒಬ್ರಿಗೊಬ್ರು ಒರಗಿಕೊಂಡಿದೀವಿ. ನೀನು ಹೋಗು."

ಸಭೆಯ ದಿನ ಹೂವಿನವರು ಗ್ಯಾಲರಿ ತುಂಬಾ ಕೂತಿದ್ದರು. ಜುಲೇಖಾಬಿ ತಮ್ಮನ ಜೊತೆ ಒಂದು ಮೂಲೆಯಲ್ಲಿ ಇದ್ದಳು. ಸದಸ್ಯರಲ್ಲಿ ಒಬ್ಬರ ಅಳಿಯ ಕಟ್ಟಡ ಕೆಡವುವ ಗುತ್ತಿಗೆದಾರ, ಅವರು ತಾವಾಗಿಯೇ ಎದ್ದು ಹೊರಗೆ ಹೋದರು. ಅರ್ಜಿಯ ಪರ ವಿರೋಧ ಮಾತಾಡಲು ಒಬ್ಬೊಬ್ಬರಿಗೆ ನಮ್ಮಲ್ಲಿ ಒಂದು ಎಲೆ ಅಡಿಕೆ ಅಗಿದು ಮುಗಿಯುವಷ್ಟು ಹೊತ್ತು ಕೊಡುವುದು ರೂಢಿ. ಹನುಮಕ್ಕ ಚೆನ್ನಾಗಿ ಮಾತಾಡಿದಳು. ಬಾಡಿದ ಹೂವು ತಂದು ಮೇಜಿನ ಮೇಲೆ ಸುರಿದಳು. ಜುಲೇಖಾಬಿಗೆ ಸಭೆಯಲ್ಲಿ ಮಾತು ಬರಲಿಲ್ಲ. "ಗೋಡೆ ಬಾಗಿದೆ. ನಂಗೆ ಭಯ ಆಗತ್ತೆ," ಅಂದು ಕೂತುಬಿಟ್ಟಳು.

ಹಣ್ಣಿನ ವ್ಯಾಪಾರಿ ಪಾಲಾಕ್ಷಪ್ಪ, ಇನ್ನೊಂದು ವಾರ್ಡಿನ ಸದಸ್ಯ, ಎದ್ದು ನಿಂತ. "ಭಯ ಗಿಯ ಎಲ್ಲಾ ನೆಪ. ಕೆಡವಿ ಅಲ್ಲಿ ಕಾಂಪ್ಲೆಕ್ಸ್ ಕಟ್ಟಿಸ್ತಾಳೆ, ಬೇಕಾದ್ರೆ ಬರೆದಿಟ್ಕೊಳ್ಳಿ. ಈ ಅಕ್ಕಂದಿರ ಹೊಟ್ಟೆ ಮೇಲೆ ಹೊಡೆಯೋ ಅರ್ಜಿ ಇದು. ಇವತ್ತೇ ತಳ್ಳಿಹಾಕಿ, ಸಂಜೆಗೆ ನೆರಳು ವಾಪಸ್ ಬರಲಿ." ಗ್ಯಾಲರಿಯಲ್ಲಿ ಚಪ್ಪಾಳೆ ಬಿತ್ತು.

ರುದ್ರಮುನಿಯವರು ಸಾಕು ಅಂತ ಕೈ ಎತ್ತಿದರು. "ಮುಂದೆ ಏನು ಕಟ್ಟಿಸ್ತಾರೆ ಅನ್ನೋದು ನಮ್ಮ ಮುಂದೆ ಇಲ್ಲ ಪಾಲಾಕ್ಷಪ್ಪ. ಅರ್ಜಿ ಹಾಕಿದವರು ಒಳ್ಳೆಯವರಾ ಕೆಟ್ಟವರಾ ಅನ್ನೋದೂ ಇಲ್ಲ. ಈ ಕಟ್ಟಡ ಹೋಗಬೇಕಾ ಇರಬೇಕಾ, ಅಷ್ಟೇ. ವಾರ್ಡಿನ ಸದಸ್ಯರು ಏನಂತಾರೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಕೆಡವಿ ಅನ್ನಲು ನನ್ನ ಹತ್ತಿರ ಆಧಾರ ಇರಲಿಲ್ಲ. ಬೇಡ ಅಂದರೆ ಸಂಜೆಗೆ ನೆರಳು ಬರುತ್ತದೆ, ನಾಳೆ ಬೆಳಿಗ್ಗೆ ಎಲ್ಲರೂ ಬುಟ್ಟಿ ಎತ್ತಿಕೊಂಡು ಬಂದು ಅದೇ ಗೋಡೆಗೆ ಬೆನ್ನು ಕೊಡುತ್ತಾರೆ. ಗೋಡೆ ನಿಂತರೆ ಸರಿ. ನಿಲ್ಲದಿದ್ದರೆ? ಓಬಕ್ಕ ಗ್ಯಾಲರಿಯಿಂದ ನನಗೆ ಕೈ ಸನ್ನೆ ಮಾಡಿದಳು, ಬೇಗ ಮುಗಿಸು ಅಂತ.

"ಅಡಿಪಾಯ ನೋಡೋ ತನಕ ತೀರ್ಮಾನ ಮುಂದಕ್ಕೆ ಹಾಕೋಣ," ಅಂದೆ.

ಗ್ಯಾಲರಿಯಲ್ಲಿ ಗದ್ದಲ ಎದ್ದಿತು. ಮುಂದಕ್ಕೆ ಹಾಕುವುದೆಂದರೆ ಬಿಸಿಲು ಮುಂದುವರಿಯುವುದು ಅಂತ ಎಲ್ಲರಿಗೂ ಗೊತ್ತಿತ್ತು. ಕೈ ಎತ್ತಿಸಿದಾಗ ಎರಡೂ ಕಡೆ ಸಮ ಬಿತ್ತು. ಅಧ್ಯಕ್ಷರ ಮತವೇ ಉಳಿಯಿತು. ರುದ್ರಮುನಿಯವರು ಕನ್ನಡಕ ತೆಗೆದು ಒರೆಸಿದರು. "ಅನುಮಾನ ಇಟ್ಕೊಂಡು ನಾನು ಸಹಿ ಹಾಕಲ್ಲ. ಮುಂದಕ್ಕೆ," ಅಂದರು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಹನುಮಕ್ಕ ನನ್ನ ಅಂಗಡಿಯ ಮುಂದಿನಿಂದ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಬಾಗಿಲಿಗೆ ಯಾರೋ ಒಣಗಿದ ಹಾರ ನೇತುಹಾಕಿದ್ದರು. ನಾನು ಗೆದ್ದ ದಿನ ಹಾಕಿದ್ದಂಥದ್ದೇ. ನನ್ನ ಗಂಡ ಅದನ್ನು ತೆಗೆದು ಬಿಸಾಡಿ, "ನೀನು ಬಳೆ ಮಾರಿಕೊಂಡು ಇದ್ದಿದ್ರೆ ಆಗ್ತಿತ್ತು" ಅಂದ. ಹೌದು ಅಂತ ನನಗೂ ಅನ್ನಿಸುತ್ತಿತ್ತು. ಜಿಲ್ಲೆಯಿಂದ ಯಾರೂ ಬರಲಿಲ್ಲ. ಶ್ರೀಪಾದನನ್ನು ಕೇಳಿದರೆ, "ಮತ್ತೆ ಬರೆದಿದ್ದೀನಿ ಮೇಡಂ" ಅನ್ನುತ್ತಿದ್ದ. ಒಂದೊಂದು ಸಲ ಗೋದಾಮಿನ ಮುಂದೆ ಹೋಗಿ ನಿಂತು ಆ ಗೋಡೆಯನ್ನು ನೋಡಿ, ಇಷ್ಟು ಗಟ್ಟಿಯಾಗಿ ನಿಂತಿದೆಯಲ್ಲ, ಸುಮ್ಮನೆ ಎಲ್ಲರ ಬಾಯಿಗೆ ಬಿದ್ದೆನಲ್ಲ ಅಂದುಕೊಳ್ಳುತ್ತಿದ್ದೆ. ಕೊಡೆಯ ಕೆಳಗಿನಿಂದ ಓಬಕ್ಕ ನನ್ನನ್ನು ನೋಡಿ ಉಗಿಯುತ್ತಿದ್ದಳು. ಎಲೆ ಅಡಿಕೆಯನ್ನೇ ಉಗಿದದ್ದು, ಆದರೆ ನನ್ನ ಕಡೆಗೆ.

ಅವತ್ತು ಒಬ್ಬ ಮದುಮಗಳಿಗೆ ಹಸಿರು ಬಳೆ ತೊಡಿಸುತ್ತಿದ್ದೆ. ಮಧ್ಯಾಹ್ನದ ಊಟದ ಹೊತ್ತು. ಗಾಳಿಯೂ ಇರಲಿಲ್ಲ, ಮಳೆಯೂ ಇರಲಿಲ್ಲ. ದೊಡ್ಡ ಸದ್ದೇನೂ ಅಲ್ಲ, ಲಾರಿಯಿಂದ ಮೂಟೆಗಳನ್ನು ಒಟ್ಟಿಗೆ ಇಳಿಸಿದ ಹಾಗೆ ಕೇಳಿಸಿತು. ಕಪಾಟಿನ ಬಳೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಆಮೇಲೆ ಬೀದಿಯಲ್ಲಿ ಬಿಳಿ ಧೂಳು ಬಂತು. ಮದುಮಗಳ ಕೈ ಬಿಟ್ಟು ಓಡಿದೆ.

ಉತ್ತರದ ಗೋಡೆ ಪೂರ್ತಿ ಹೊರಕ್ಕೆ ಬಿದ್ದಿತ್ತು. ಹೂವಿನವರು ಕೂರುತ್ತಿದ್ದ ಜಾಗದ ಮೇಲೆ ಆಳೆತ್ತರ ಕಲ್ಲು ಮಣ್ಣು. ಮೇಲಿನ ಅಂತಸ್ತಿನ ತೊಲೆಗಳು ಗಾಳಿಗೆ ತೆರೆದುಕೊಂಡು ಜೋತಾಡುತ್ತಿದ್ದವು. ವಾಚನಾಲಯದ ಕಡೆಯಿಂದ ಹನುಮಕ್ಕ ಎದೆ ಬಡಿದುಕೊಂಡು ಓಡಿ ಬಂದಳು. ಅವಳ ಹಿಂದೆಯೇ ಉಳಿದ ಹೂವಿನವರು. ಅವಳು ಒಬ್ಬೊಬ್ಬರ ಹೆಸರು ಹಿಡಿದು ಕೂಗಿದಳು, ಒಬ್ಬೊಬ್ಬರೂ "ಇಲ್ಲಿದೀನಿ, ಇಲ್ಲಿದೀನಿ" ಅಂದರು. ಜಗಲಿಯಲ್ಲಿ ಕೂತಿದ್ದವರೆಲ್ಲ ಇದ್ದರು. ಒಂದು ಕ್ಷಣ ನನಗೆ ಸಮಾಧಾನವಾಯಿತು.

"ಓಬಕ್ಕ?" ಅಂದಳು ಹನುಮಕ್ಕ.

ಕಲ್ಲಿನ ರಾಶಿಯ ಅಂಚಿನಲ್ಲಿ ಕೊಡೆಯ ಒಂದು ಕಡ್ಡಿ, ಅದಕ್ಕೆ ಅಂಟಿದ ಕಪ್ಪು ಬಟ್ಟೆ ಕಾಣುತ್ತಿತ್ತು.

ಆಮೇಲೆ ನಾವೇನು ಮಾಡಿದೆವೋ ನನಗೆ ಸರಿಯಾಗಿ ನೆನಪಿಲ್ಲ. ಬರಿಗೈಯಲ್ಲಿ ಕಲ್ಲು ಎಳೆದೆವು. ಜುಲೇಖಾಬಿ ಎಲ್ಲಿಂದ ಬಂದಳೋ, ಚಪ್ಪಲಿ ಇಲ್ಲದೆ, ತಲೆಯ ಸೆರಗು ಜಾರಿದ್ದನ್ನೂ ನೋಡಿಕೊಳ್ಳದೆ, ನನ್ನ ಪಕ್ಕದಲ್ಲೇ ಮಂಡಿಯೂರಿ ಬಗೆಯುತ್ತಿದ್ದಳು. "ನಾನು ಹಗ್ಗ ಕಟ್ಟಿದ್ದೆ, ಕಟ್ಟಿದ್ದೆ" ಅಂತ ಅದೊಂದೇ ಮಾತು. ಪಾಲಾಕ್ಷಪ್ಪ ತನ್ನ ಹಣ್ಣಿನ ಅಂಗಡಿಯ ಆಳುಗಳನ್ನೆಲ್ಲ ಕರೆದುಕೊಂಡು ಬಂದು, ಬಿಳಿ ಅಂಗಿಯಲ್ಲೇ ಕಲ್ಲು ಹೊತ್ತ. ಬುಟ್ಟಿ ಸಿಕ್ಕಿತು, ಚಪ್ಪಟೆಯಾಗಿತ್ತು. ಒದ್ದೆ ಗೋಣಿ ಸಿಕ್ಕಿತು. ಗೋಣಿ ಎತ್ತುವಾಗ ಹನುಮಕ್ಕ ಕಣ್ಣು ಮುಚ್ಚಿಕೊಂಡಳು. ಅದರ ಕೆಳಗೆ ಬರೀ ಸೇವಂತಿಗೆ.

ನನಗೆ ಅಳುವೂ ಬರುತ್ತಿರಲಿಲ್ಲ. ಕೈ ಹಿಡಿದು ಎಳೆದುಕೊಂಡು ಹೋಗಬಹುದಿತ್ತು, ಬೈಸಿಕೊಂಡರೂ ಸರಿ, ಪೊಲೀಸರನ್ನು ಕರೆಸಿ ಎಬ್ಬಿಸಬಹುದಿತ್ತು ಅಂತಲೇ ತಲೆಯಲ್ಲಿ ಸುತ್ತುತ್ತಿತ್ತು. ಅಷ್ಟರಲ್ಲಿ ಯಾರೋ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಪುರಸಭೆಯ ಜವಾನ ಮೈಲಾರಿ. ಓಡಿ ಬಂದು ಏದುಸಿರು ಬಿಡುತ್ತಿದ್ದ.

"ಇಂದಕ್ಕಾ, ನೀವು ಬೇಗ ಆಫೀಸಿಗೆ ಬರಬೇಕಂತೆ. ಒಬ್ಬಳು ಮುದುಕಿ ಬಂದು ಕೂತಿದಾಳೆ, ನಿಮ್ಮ ಹೆಸರು ಹಿಡಿದು ಕೂಗಾಡ್ತಿದಾಳೆ. ನಿಮ್ಮನ್ನ ಕರೆಸೋ ತನಕ ಏಳಲ್ಲ ಅಂತಾಳೆ. ಅಧ್ಯಕ್ಷರಿಗೆ ಊಟಕ್ಕೂ ಹೋಗೋಕೆ ಬಿಡ್ತಿಲ್ಲ."

"ಯಾವ ಮುದುಕಿ?" ಅಂತ ಹನುಮಕ್ಕ ಅವನ ಅಂಗಿ ಹಿಡಿದಳು.

"ಅದೇ ಹೂವಿನಜ್ಜಿ. ಕಿವಿ ಕೇಳಲ್ವಲ್ಲ, ಅವಳು."

ನಾವೆಲ್ಲ ಹೇಗೆ ಓಡಿದೆವು ಅಂದರೆ, ಬೀದಿಯವರು ಇನ್ನೊಂದು ಕಟ್ಟಡ ಬಿತ್ತೇನೋ ಅಂತ ನಮ್ಮ ಹಿಂದೆ ಓಡಿ ಬಂದರು. ಪುರಸಭೆಯ ಮೆಟ್ಟಿಲು ಹತ್ತುವಾಗ ಜುಲೇಖಾಬಿ ಮುಗ್ಗರಿಸಿದಳು, ಹನುಮಕ್ಕ ಅವಳ ರಟ್ಟೆ ಹಿಡಿದು ಎಬ್ಬಿಸಿಕೊಂಡೇ ಬಂದಳು. ಅಧ್ಯಕ್ಷರ ಕೋಣೆಯ ಮುಂದಿನ ಬೆಂಚಿನ ಮೇಲೆ ಓಬಕ್ಕ ಕಾಲು ಮೇಲಿಟ್ಟುಕೊಂಡು ಕೂತಿದ್ದಳು. ಮಡಿಲಲ್ಲಿ ಎಲೆ ಅಡಿಕೆ ಚೀಲ. ರುದ್ರಮುನಿಯವರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

"ಬಂದ್ಯಾ?" ಅಂದಳು ನನ್ನನ್ನು ನೋಡಿ. "ಬಾ. ಇವರ ಮುಂದೇನೇ ಹೇಳ್ತೀನಿ. ವ್ಯಾಪಾರ ಬಿಟ್ಟು, ಬುಟ್ಟಿ ಅಲ್ಲೇ ಬಿಟ್ಟು, ಈ ಸೊಂಟ ಎತ್ಕೊಂಡು ಇಷ್ಟು ದೂರ ನಡ್ಕೊಂಡು ಬಂದಿದೀನಿ, ನಿನ್ನ ಮೇಲೆ ದೂರು ಕೊಡೋಕೆ. ನಿಂಗೆ ಓಟು ಕೇಳೋಕೆ ಹೋದಾಗ ನನ್ನ ಕಾಲಲ್ಲಿ ಬೊಬ್ಬೆ ಬಂದಿತ್ತು, ಗೊತ್ತಾ? ನೀನು ಒಂದು ಕೈ ಎತ್ತೋಕಾಗದವಳು..."

ಹನುಮಕ್ಕ ಹೋಗಿ ಅವಳ ಕಾಲು ತಬ್ಬಿಕೊಂಡು ಜೋರಾಗಿ ಅಳತೊಡಗಿದಳು. ಓಬಕ್ಕ ಗಾಬರಿಯಾಗಿ ಮಾತು ನಿಲ್ಲಿಸಿದಳು. ಆಗಷ್ಟೇ ನಮ್ಮನ್ನೆಲ್ಲ ಸರಿಯಾಗಿ ನೋಡಿದಳು. ತಲೆಯಿಂದ ಕಾಲಿನ ತನಕ ಸುಣ್ಣದ ಧೂಳು, ಬೆರಳುಗಳಲ್ಲಿ ರಕ್ತ.

"ಏನ್ರೇ ಇದು, ಎಲ್ಲಾ ಬಿಳಿ ಬಳ್ಕೊಂಡು ಬಂದಿದೀರಿ?"

ಜುಲೇಖಾಬಿ ಅವಳ ಕಿವಿಯ ಹತ್ತಿರ ಬಾಗಿ ಹೇಳಿದಳು. "ಗೋಡೆ ಬಿತ್ತು ಓಬಕ್ಕ. ಈಗ."

"ಯಾರು ಇದ್ರು ಕೆಳಗೆ?"

"ಯಾರೂ ಇಲ್ಲ. ಎಲ್ಲಾ ಜಗಲಿ ಮೇಲಿದ್ರು. ನೀನೊಬ್ಬಳು ಇರಬೇಕಿತ್ತು."

ಓಬಕ್ಕ ಜುಲೇಖಾಬಿಯ ಒಡೆದ ಉಗುರುಗಳನ್ನು ಒಂದೊಂದಾಗಿ ನೋಡಿದಳು, ಚೀಲದಿಂದ ಸುಣ್ಣ ಒರೆಸುವ ಬಟ್ಟೆ ತೆಗೆದು ಅವಳ ಬೆರಳಿಗೆ ಸುತ್ತಿದಳು. ಹನುಮಕ್ಕನ ತಲೆಯ ಮೇಲೆ ಒಂದು ಕೈ ಇಟ್ಟಳು. ಆಮೇಲೆ "ನನ್ನ ಕೊಡೆ?" ಅಂದಳು.

"ಹೋಯ್ತು."

"ಹೊಸಾ ಕೊಡೆ ಅದು," ಅಂದಳು ಓಬಕ್ಕ, ಮತ್ತು ಆಗ ಅತ್ತಳು. ನಾವೆಲ್ಲ ನಗುತ್ತಲೂ ಅಳುತ್ತಲೂ ಇದ್ದೆವು. ರುದ್ರಮುನಿಯವರು ಬೆನ್ನು ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತಾ ನಿಂತರು. ಮೈಲಾರಿ ಹೋಗಿ ಎಲ್ಲರಿಗೂ ನೀರು ತಂದ.

ಸ್ವಲ್ಪ ಹೊತ್ತಾದ ಮೇಲೆ ಅಧ್ಯಕ್ಷರು, "ಅಮ್ಮಾ, ಇನ್ನು ಮನೆಗೆ ಹೋಗಿ ಮಲಗಿಕೊಳ್ಳಿ, ಗಾಡಿ ಮಾಡಿಸ್ತೀನಿ" ಅಂದರು. ಓಬಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ನೆಟ್ಟಗೆ ಕೂತಳು.

"ಯಾಕೆ ಹೋಗ್ಲಿ? ನನ್ನ ದೂರು ಇನ್ನೂ ಮುಗಿದಿಲ್ಲ."

"ಹೇಳು ಓಬಕ್ಕ," ಅಂದೆ. ಅವಳ ಕಾಲ ಬಳಿ ನೆಲದ ಮೇಲೆ ಕೂತೆ. ಅವಳು ಶುರುಮಾಡಿದಳು. ಕಾಲಿನ ಬೊಬ್ಬೆಯಿಂದ ಹಿಡಿದು ಬಾಡಿದ ಮಲ್ಲಿಗೆಯ ತನಕ, ನನ್ನ ತವರಿನವರನ್ನೂ ಬಿಡದೆ, ಬಾಯಿ ತುಂಬಾ ಬೈದಳು. ಇಷ್ಟು ಇಂಪಾದ ಬೈಗುಳವನ್ನು ನಾನು ಕೇಳಿಯೇ ಇರಲಿಲ್ಲ. ಒಮ್ಮೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಮುಗಿಸಿಬಿಟ್ಟಳೇನೋ ಅಂತ ನನಗೆ ಭಯವಾಯಿತು.

"ಇನ್ನೂ ಇದೆಯಾ ಓಬಕ್ಕ?"

"ಇದೆ," ಅಂದಳು. "ಅಲ್ಲೇ ಕೂತಿರು."